ಸ್ಟೀರಿಯೊದೊಳಗೆ ಸಿಕ್ಕಿಕೊಂಡ ಸೋಬಾನೆ

ಇವತ್ತು ಪಂಕ್ಚರ್ ಅಂಗಡಿಯ ಸೊಲ್ಯೂಷನ್ ವಾಸನೆ ಮೂಗಿಗೆ ಬಡಿದದ್ದೇ ಹಳೆಯದೊಂದು ಖರ್ಚು ನೆನಪಾಯಿತು: ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಕಿತ್ತ ಬಿದಿರಿನ ಸೀಳು, ಅರ್ಧ ಟ್ಯೂಬು ಸೊಲ್ಯೂಷನ್, ಅಪ್ಪನ ಒಂದು ಬಾಡಿಗೆ.

ಅಪ್ಪ ಚನ್ನಪಟ್ಟಣದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಆಯುಧಪೂಜೆಯ ದಿನ ಅವರು ಚಕ್ರಗಳಿಗೆ ನಿಂಬೆಹಣ್ಣು ಇಡುತ್ತಿದ್ದರೆ, ಅಮ್ಮ ನೆಂಟರ ಮದುವೆಯಲ್ಲಿ ತಾನು ಹಾಡಿದ್ದ ಸೋಬಾನೆಯ ಸಿ.ಡಿ.ಗೂ ಅರಿಶಿನ ಕುಂಕುಮ ಬಳಿದು, ಒಣಗುವ ಮೊದಲೇ ಸ್ಟೀರಿಯೊಗೆ ತಳ್ಳಿದಳು. ಅದು ಒಳಗೇ ಕಚ್ಚಿಕೊಂಡಿತು.

ಮೆಕ್ಯಾನಿಕ್ ಇಕ್ಕಳ ಹಿಡಿದು ಬಂದ. "ಸಿ.ಡಿ. ಮುರುದ್ರೆ ಸೆಟ್ ಉಳೀತದೆ ಕಣಕ್ಕ."

"ಮುರುದ್ಬುಡು ಅತ್ಲಾಗೆ," ಎಂದರು ಅಪ್ಪ. "ದಸರಾಗೆ ಹೋಗೋರು ಕಾಯ್ತಾವ್ರೆ, ಹಾಡಿಲ್ದೆ ಕಾರ್ ಹತ್ತಾರಾ? ನೀನು ಇನ್ನೊಂದ್ಸಲ ಹಾಡುದ್ರಾಯ್ತು."

ಅಮ್ಮ ಕಾರಿನ ಬಾಗಿಲಿಗೆ ಅಡ್ಡ ನಿಂತಳು. "ನಾನೇನೋ ಹಾಡ್ತೀನಿ. ನನ್ ಹಿಂದೆ ದನಿಗೂಡ್ಸಿ ಸೊಲ್ಲು ಕೊಡಕ್ಕೆ, ಮಣ್ಣಾಗಿರೋ ನಿಮ್ಮವ್ವ ಎದ್ದು ಬತ್ತಾಳಾ? ಅವಳ ದನಿ ಉಳ್ದಿರೋದು ಇದೊಂದ್ರಲ್ಲೇ." ಮೆಕ್ಯಾನಿಕ್ ಕಡೆ ತಿರುಗಿದಳು. "ಇಕ್ಕಳ ಕೆಳಗಿಡ್ಲಾ!"

ಬಿದಿರಿನ ಸೀಳಿಗೆ ಸೊಲ್ಯೂಷನ್ ಸವರಿ, ಸಿ.ಡಿ.ಯ ಮೇಲ್ಬದಿಗೆ ಒತ್ತಿ ಹಿಡಿದಳು. ಅಪ್ಪ ಸಿ.ಡಿ. ಹೊರತಳ್ಳುವ ಗುಂಡಿ ಅದುಮಿದರು, ಅವಳು ಎಳೆದಳು. ಜಾರಿತು. ಮತ್ತೆ ಸವರಿದಳು. ಕಾದವರು ಬೇರೆ ಕಾರು ಹಿಡಿದು ಮೈಸೂರಿಗೆ ಹೋದರು. ಕಡೆಗೆ ಸಿ.ಡಿ. ಹಳದಿ ಮೆತ್ತಿಕೊಂಡೇ ಹೊರಬಂತು. ತೊಳೆದು ಮನೆಯ ಪ್ಲೇಯರಿಗೆ ಹಾಕಿದಾಗ ಅಮ್ಮನ ಹಿಂದೆ ಅಜ್ಜಿಯ ಸೊಲ್ಲು ಕೇಳಿಸಿತು. ಅಪ್ಪ ಬಾಡಿಗೆ ಮರೆತು, ಅದನ್ನೇ ಮತ್ತೆ ಮೊದಲಿಂದ ಹಾಕಿದರು.

ಆ ಹಾಡು ಈಗ ನನ್ನ ಫೋನಿನಲ್ಲಿದೆ. ಯಾರಿಗೆ ಏನು ದಕ್ಕಿತು ಎಂದರೆ, ಮೆಕ್ಯಾನಿಕ್‌ಗೆ ಒಂದು ಲೋಟ ಕಾಫಿ, ಅಮ್ಮನಿಗೆ ಗೆಲುವು, ಅಪ್ಪನಿಗೆ ಅವ್ವನ ದನಿ. ನನಗೆ, ‘ಬೇರೆ ದಾರಿಯಿಲ್ಲ’ ಎನ್ನುವವರ ಎದುರು ಅಡ್ಡ ನಿಲ್ಲುವ ಹಟ.