ಹಂಟ್ಲಿಯ ಎರಡು ಮುಷ್ಟಿ ಕಲ್ಲಿದ್ದಲು

ಶನಿವಾರ ಬೆಳಿಗ್ಗೆ ಆಕ್ಲೆಂಡಿನ ಅಂಚಿನ ತಕಾನಿನಿಯಿಂದ ಹೊರಟೆವು. ಹ್ಯಾಮಿಲ್ಟನ್‌ಗೆ ನೂರು ಕಿಲೋಮೀಟರ್ ದಾರಿ. ಕಾರಿನ ಹಿಂದಿನ ಸೀಟು ಮಡಿಸಿ ಹಾಸಿದ ಕಂಬಳಿಯ ಮೇಲೆ ನಾಲ್ಕು ಅಡಿ ಉದ್ದದ ನನ್ನ ಹಡಗು ಕೂತಿತ್ತು. ಪಕ್ಕದ ಸೀಟಿನಲ್ಲಿ ರಶೀದ್ ಅಂಕಲ್, ಮಡಿಲಲ್ಲಿ ಚುರುಮುರಿ ಡಬ್ಬಿ.

ಹಡಗು ಎಂದರೆ ಮಾದರಿ, ಹ್ಯಾಮಿಲ್ಟನ್ನಿನ ಕೆರೆಯಲ್ಲಿ ಮೊದಲ ಸಲ ಓಡಿಸಲು ಒಯ್ಯುತ್ತಿದ್ದೆವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ನೌಕಾಪಡೆ ಕಟ್ಟಿಸಿದ ಮುನ್ನೂರು ಟನ್ನಿನ ಡೆಸ್ಟ್ರಾಯರ್ ಯುದ್ಧನೌಕೆಯದು. ಹೊಟ್ಟೆಪಾಡಿಗೆ ನಾನು ಆಕ್ಲೆಂಡಿನಲ್ಲಿ ದೋಣಿಗಳ ನಕ್ಷೆ ಬರೆಯುವವಳು, ಆದರೆ ಮನಸ್ಸು ಕೊಟ್ಟದ್ದು ಇದಕ್ಕೆ. ಕಿರಿದಾದ ಒಡಲು, ಆಮೆಯ ಬೆನ್ನಿನಂಥ ದುಂಡು ಮೇಲ್ಮೈ, ಅದರ ಮೇಲೆ ಕಂಬ ಕೊಟ್ಟು ನಿಲ್ಲಿಸಿದ ಹಗುರವಾದ ಅಟ್ಟ. ಅಲೆ ನುಗ್ಗಿದರೆ ಅಟ್ಟದ ಕೆಳಗೇ ಹಾದುಹೋಗಲಿ ಎಂದು ಆ ಏರ್ಪಾಟು. ಹೊಗೆಕೊಳವೆ ನಾಲ್ಕು, ಮುಂದೆರಡು, ಹಿಂದೆರಡು. ಹಳೆಯ ನಕ್ಷೆಯ ಪ್ರತಿ ಎದುರಿಗಿಟ್ಟುಕೊಂಡು ಪಕ್ಕೆಲುಬಿನಂಥ ಚೌಕಟ್ಟು ನಿಲ್ಲಿಸಿ, ತೆಳು ಹಿತ್ತಾಳೆ ತಗಡು ಬಗ್ಗಿಸಿ ಮೂರು ಚಳಿಗಾಲ ಕಟ್ಟಿದೆ. ಒಂದು ಗೆರೆಯೂ ತಪ್ಪಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಜಂಬ ಕೊಚ್ಚುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ.

ಬಾಯ್ಲರ್ ಮಾತ್ರ ರಶೀದ್ ಅಂಕಲ್ ಮಾಡಿದ್ದು. ಹುಬ್ಬಳ್ಳಿಯಲ್ಲಿ ಉಗಿ ಎಂಜಿನ್ನುಗಳ ಕೆಲಸ ಕಲಿತು, ಈಗ ತಕಾನಿನಿಯಲ್ಲಿ ಮಗಳ ಜೊತೆ ಇರುವವರು. ಲೋಟದಷ್ಟು ದೊಡ್ಡ ಆ ತಾಮ್ರದ ಬಾಯ್ಲರನ್ನು ಬೆಸೆದು ಮುಗಿಸಿದ ಮೇಲೆ ಅವರ ಕೈ ನಡುಗಲು ಶುರುವಾಯಿತು. ಇದು ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಇನ್ನೊಂದು ಬಾಯ್ಲರ್ ಅವರಿಂದ ಆಗುವುದಿಲ್ಲ. ಹಡಗು ಮಗುಚಿದರೆ ಇರುವ ಒಂದೂ ಕೆರೆಯ ಕೆಸರಿನ ಪಾಲು.

ಹಿಂದಿನ ವಾರ ಅವರ ಮನೆಯ ಬಾತ್‌ಟಬ್‌ನಲ್ಲಿ ತೇಲಿಸಿದ್ದೆವು. ಬೆರಳು ತಾಗಿಸಿದರೆ ಹಡಗು ವಾಲುತ್ತಿತ್ತು, ಏಳಲು ಹಿಂದೆಮುಂದೆ ನೋಡುತ್ತಿತ್ತು. ದಾರಿಯಲ್ಲಿ ಮರ್ಸರ್ ಊರು ದಾಟುವಾಗ ವೈಕಾಟೊ ನದಿಯ ಮೇಲೆ ಮಂಜು ಕವಿದಿತ್ತು. ಅಂಕಲ್ ಮತ್ತೆ ಅದೇ ಮಾತು ತೆಗೆದರು.

“ತಳಕ್ಕ ಸೀಸ ಹಾಕವಾ ಸುಮಾ. ಮ್ಯಾಲ ಭಾರ ಭಾಳ ಐತಿ.”

“ಫ್ರೆಂಚರು ಸೀಸ ಹಾಕಿರಲಿಲ್ಲ, ಅಂಕಲ್.”

“ಫ್ರೆಂಚರ ಬಾಯ್ಲರ್ ಫ್ರೆಂಚರು ಮಾಡ್ಕೊಂಡಿದ್ರು. ಇದು ನಂದು.”

ನಾನು ಗಾಡಿಯ ವೇಗ ಹೆಚ್ಚಿಸಿದೆ. ಒಳಗೊಳಗೇ ಸಿಟ್ಟೂ ಇತ್ತು, ಹೆದರಿಕೆಯೂ ಇತ್ತು.

ಹೊಸ ಹೆದ್ದಾರಿ ಹಂಟ್ಲಿಯನ್ನು ಬಳಸಿಕೊಂಡು ಹೋಗುತ್ತದೆ. ಅಂಕಲ್‌ಗೆ ಚಹಾ ಬೇಕಿತ್ತು, ಊರೊಳಗೆ ಇಳಿದೆವು. ನದಿಯಾಚೆ ವಿದ್ಯುತ್ ಕೇಂದ್ರದ ಎರಡು ಎತ್ತರದ ಚಿಮಣಿ. ಬೆಂಚಿನ ಮೇಲೆ ಕೂತು ಚುರುಮುರಿಗೆ ಈರುಳ್ಳಿ ಹೆಚ್ಚಿ ಹಾಕಿ ಗಿರ್ಮಿಟ್ ಕಲಸಿದೆವು.

“ಇದು ಕಲ್ಲಿದ್ದಲಿನ ಗಣಿಗಳ ಊರು,” ಎಂದೆ.

“ನಿನ್ನ ಹಡಗಿನ್ಯಾಗ ಕಲ್ಲಿದ್ದಲ ಎಲ್ಲಿ ಇಡ್ತಿದ್ರು?”

“ಬಾಯ್ಲರ್‌ಗಳ ಎರಡೂ ಪಕ್ಕ. ಗುಂಡು ಬಿದ್ದರೂ ಮೊದಲು ಕಲ್ಲಿದ್ದಲಿಗೇ ತಾಗಲಿ ಅಂತ ಅಲ್ಲೇ ಕೋಣೆ ಕಟ್ಟಿ ತುಂಬ್ತಿದ್ರು...”

ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ನಮ್ಮ ಬಾಯ್ಲರ್ ಉರಿಯುವುದು ಗ್ಯಾಸಿನಿಂದ. ನಕ್ಷೆಯಲ್ಲಿದ್ದಂತೆಯೇ ಕೋಣೆಗಳನ್ನು ಕಟ್ಟಿದ್ದೆ, ಖಾಲಿ ಬಿಟ್ಟಿದ್ದೆ. ನಕ್ಷೆಯಲ್ಲಿ ಗೋಡೆ ಇರುತ್ತದೆ, ಒಳಗೆ ತುಂಬುವ ಸರಕು ಇರುವುದಿಲ್ಲ. ಟಬ್ಬಿನಲ್ಲಿ ಹಡಗು ನೀರಿನ ಮಟ್ಟದ ಕೆಂಪು ಗೆರೆಗಿಂತ ಮೇಲೆ ತೇಲಿದಾಗ, ನೋಡಿ ನನ್ನ ಕೆಲಸ ಎಷ್ಟು ಹಗುರ ಎಂದು ಬೀಗಿದ್ದೆ. ನಾಚಿಕೆಯಾಯಿತು. ಅಂಕಲ್‌ಗೆ ಎಲ್ಲ ಹೇಳಿದೆ.

“ಅಂದ್ರ ಫ್ರೆಂಚರೂ ಭಾರ ಹಾಕಿದ್ರು.”

“ಹಾಕಿದ್ರು. ನಾನೇ ಹಾಕಲಿಲ್ಲ.”

“ಬಾಯಿ ಬಿಟ್ಟು ಒಪ್ಪಿದ್ಯಲ್ಲ, ಸಾಕು ಬಿಡು,” ಎಂದು ಇನ್ನಷ್ಟು ಗಿರ್ಮಿಟ್ ಹಾಕಿಕೊಟ್ಟರು.

ಸೌದೆ ಮಾರುವಲ್ಲಿ ಕಲ್ಲಿದ್ದಲೂ ಇತ್ತು. ಎರಡೇ ಮುಷ್ಟಿ ಸಾಕು ಎಂದಾಗ ಅಂಗಡಿಯಾಕೆ ನಕ್ಕು, ಇಷ್ಟರಲ್ಲಿ ಯಾವ ಮನೆ ಬೆಚ್ಚಗಾಗುತ್ತದೆ ಎಂದು ಕೇಳಿ, ಪುಕ್ಕಟೆಯಾಗಿ ಕೊಟ್ಟಳು.

ಹ್ಯಾಮಿಲ್ಟನ್ನಿನ ಕೆರೆ ದಂಡೆಯಲ್ಲಿ ಗಾಳಿ ಜೋರಾಗಿತ್ತು. ಕಲ್ಲಿದ್ದಲು ಜಜ್ಜಿ ಸಣ್ಣ ಚೀಲಗಳಿಗೆ ತುಂಬಿ, ಎರಡೂ ಪಕ್ಕದ ಕೋಣೆಗಳಿಗೆ ಇಳಿಸಿದೆ. ನೀರಿಗೆ ಬಿಟ್ಟಾಗ ಹಡಗು ಇಳಿದು ಇಳಿದು ಸರಿಯಾಗಿ ಕೆಂಪು ಗೆರೆಗೆ ನಿಂತಿತು. ಬಾಯ್ಲರ್ ಬಿಸಿಯೇರಿ ಉಗಿ ಬಂತು. ರಿಮೋಟ್ ಹಿಡಿದು ದಂಡೆಯುದ್ದಕ್ಕೂ ಓಡಿಸಿದೆ. ಗಾಳಿ ಬಂದು ಬಡಿದಾಗ ಹಡಗು ವಾಲಿತು. ಅದು ತಡಮಾಡದೆ ಎದ್ದು ಮುಂದೆ ಹೋಯಿತು. ಮತ್ತೊಮ್ಮೆ ವಾಲಿತು, ಮತ್ತೆ ಎದ್ದಿತು. ನಾನು ಕಟ್ಟಿದ ಹಡಗು, ಫ್ರೆಂಚರು ಯೋಚಿಸಿದಂತೆಯೇ ನಡೆಯುತ್ತಿತ್ತು. ಕುಣಿಯಬೇಕು ಅನ್ನಿಸಿತು.

“ತಾ ಇಲ್ಲೆ,” ಎಂದು ಅಂಕಲ್ ಕೈ ಚಾಚಿದರು.

ರಿಮೋಟ್ ಕೊಟ್ಟೆ. ಅವರ ಬೆರಳು ನಡುಗಿತು, ಅದರೊಡನೆ ಹಡಗಿನ ಚುಕ್ಕಾಣಿಯೂ ನಡುಗಿತು. ಹಿಂದೆ ಬೀಳುತ್ತಿದ್ದ ಬಿಳಿ ನೊರೆಯ ಗೆರೆ ಅಂಕುಡೊಂಕಾಯಿತು. ಅವರು ಹಡಗನ್ನು ದಂಡೆಯಿಂದ ತಿರುಗಿಸಿ ನೇರ ಕೆರೆಯ ನಡುವಿಗೆ ಕಳಿಸಿದರು.

“ಅಂಕಲ್, ಅಲ್ಲಿ ಮಗುಚಿದರೆ ಬಾಯ್ಲರ್ ಸಿಗೋದಿಲ್ಲ.”

“ಗೊತ್ತೈತವಾ. ಎಷ್ಟು ದೂರ ಹೋಗತದ ನೋಡೋಣು.”

ಗ್ಯಾಸ್ ಇನ್ನೂ ಅರ್ಧವಿತ್ತು. ಕಸಿದುಕೊಳ್ಳಲು ನನ್ನ ಕೈ ತುರಿಸುತ್ತಿತ್ತು. ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡು ಅವರ ಪಕ್ಕದಲ್ಲಿ ನಿಂತೆ. ಬಾಯ್ಲರ್ ಅವರದು, ವಾಪಸ್ ಕೊಡಿ ಎಂದು ಕೇಳಲಿಲ್ಲ.