ಬಸ್ಸಿನಲ್ಲಿ ಮುಳುಗಿದ ಹಡಗು

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ನಮ್ಮ ಕಡೆಯವರೇ, ಕರಾವಳಿಯಲ್ಲಿ ಸಮುದ್ರದ ನಕ್ಷೆ ಮಾಡುವ ಕಚೇರಿಯಲ್ಲಿ ನೌಕರಿಗಿದ್ದ ಸಾಹೇಬರು. ಅತ್ತೆಮನೆಗೆ ಹೊರಟಿದ್ದರೂ ವಿಮಾನದಿಂದ ತೆಗೆದ ಸಮುದ್ರದ ಫೋಟೊ ಹಿಡಿದು ಬೆವರುತ್ತಿದ್ದರು. ದಂಡೆಯ ಹತ್ತಿರ, ಆಳವಿಲ್ಲದ ನೀರಿನಲ್ಲಿ, ಉದ್ದನೆಯ ಕಪ್ಪು ನೆರಳೊಂದಿತ್ತು.

"ಮುಳುಗಿದ ಹಡಗೋ, ಕಲ್ಲೋ ತಿಳ್ಯಾಕತ್ತಿಲ್ರಿ. ಇವತ್ತೇ ಕಚೇರಿಗೆ ತಾರ್ ಕೊಡಬೇಕು. ತಪ್ಪಿದರ ನೌಕರಿ ಮ್ಯಾಲ ಬರ್ತದ," ಎಂದರು.

ಫೋಟೊ ಬಸ್ಸೆಲ್ಲ ಸುತ್ತಿತು. ಸಾಹೇಬರನ್ನು ಬಿಟ್ಟರೆ ಸಮುದ್ರ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ; ಹಾಗಾಗಿ ಯಾರಿಗೂ ಅನುಮಾನವೂ ಇರಲಿಲ್ಲ. ಕಂಡಕ್ಟರ್ ಹಡಗೆಂದ. ತೊಗರಿ ವ್ಯಾಪಾರಿಯೊಬ್ಬರು, "ಎಮ್ಮಿ ಮಲಗ್ಯಾದ ಬಿಡ್ರಿ," ಎಂದರು.

ನನಗೆ ಹಡಗಿನಲ್ಲಿದ್ದವರ ನೆನಪಾಯಿತು. "ಶಿವಾ, ಆ ಜೀವಗಳಿಗೆ ಶಾಂತಿ ಕೊಡಪ್ಪಾ," ಎಂದು ಕೈ ಮುಗಿದೆ. ಬಸ್ಸಿಗೆ ಬಸ್ಸೇ ಕೈ ಮುಗಿಯಿತು. ಡ್ರೈವರ್ ಕೂಡ ಗಾಡಿ ನಿಲ್ಲಿಸಿ ಮುಗಿದ.

ಸಾಹೇಬರು ಮೆಲ್ಲಗೆ, "ಬರೇ ಕಲ್ಲೂ ಇರಬಹುದ್ರಿ," ಎಂದರು.

ಹಿಂದಿನ ಸೀಟಿನ ಅಜ್ಜಿ ಸಿಟ್ಟಾದಳು. "ಎಲ್ಲಾರೂ ಕೈ ಮುಗದ ಮ್ಯಾಲ ಕಲ್ಲು ಅಂತೀಯೇನೋ ತಮ್ಮಾ? ಸತ್ತವರನ್ನ ಈಗ ಹ್ಯಾಂಗ ಎಬ್ಬಸ್ತಿ?"

ಬಸವಕಲ್ಯಾಣದಲ್ಲಿ ಇಳಿದವರೇ ಸಾಹೇಬರು ನೇರ ಅಂಚೆ ಕಚೇರಿಗೆ ಹೋಗಿ, ಹಡಗೆಂದೇ ತಂತಿ ಕೊಟ್ಟರು.

ಮರುವರ್ಷ ಅದೇ ಬಸ್ಸಿನಲ್ಲಿ ಮತ್ತೆ ಸಿಕ್ಕರು. "ಮುಳುಗಿ ನೋಡಿದ್ರು, ಕಲ್ಲೇ ಇತ್ರಿ. ಸಿಟ್ಟಿಗೆದ್ದು ನನ್ನ ಬೀದರಿಗೆ ವರ್ಗ ಮಾಡ್ಯಾರ. ಇಲ್ಲಿ ಸಮುದ್ರ ಇಲ್ಲಂತ," ಎಂದರು. ಅತ್ತೆಮನೆ ಹತ್ತಿರವಾದ ಖುಷಿ ಮಾತ್ರ ಮುಖದಲ್ಲಿ ಮುಚ್ಚಿಡಲು ಆಗಿರಲಿಲ್ಲ.

ನಮ್ಮ ಪ್ರಾರ್ಥನೆ ವ್ಯರ್ಥವಾಗಲಿಲ್ಲವೆಂದೇ ನಂಬಿದ್ದೇನೆ. ಕಲ್ಲಿಗೆ ಕೈ ಮುಗಿದು ಒಳ್ಳೆಯದಾದದ್ದು ನಮ್ಮಲ್ಲಿ ಅದೇ ಮೊದಲೇನಲ್ಲ.