ಲಂಡನ್ನಿನ ಸೆಕೆಗೆ ರಾಯಚೂರಿನ ಮದ್ದು

ರಾಯಚೂರಿನವಳು ಸೆಕೆಗೆ ಹೆದರಿದಳು ಎಂದರೆ ನೀವು ನಗುತ್ತೀರಿ. ನಗಿ. ಆದರೆ ಈ ಲಂಡನ್ನಿನ ಸೆಕೆ ಬೇರೆ ಜಾತಿಯದು. ನಮ್ಮ ಕಡೆಯ ಬಿಸಿಲು ಬೀದಿಯಲ್ಲಿ ನಿಂತು ಹೊಡೆಯುತ್ತದೆ, ಒಳಗೆ ಹೋದರೆ ಬಿಡುತ್ತದೆ. ಇಲ್ಲಿಯದು ನೆಂಟರ ಹಾಗೆ ಮನೆಯೊಳಗೇ ಬಂದು ಕೂರುತ್ತದೆ, ಕತ್ತಲಾದರೂ ಏಳುವುದಿಲ್ಲ. ತಪ್ಪು ಬಿಸಿಲಿನದಲ್ಲ. ಈ ಮನೆಗಳನ್ನು ಚಳಿಗೆ ಹೆದರಿ ಕಟ್ಟಿದ್ದಾರೆ. ಒಳಗೆ ಬಂದ ಬಿಸಿಯನ್ನು ಹೊರಗೆ ಬಿಡಬಾರದು ಅನ್ನುವುದೇ ಇವುಗಳ ಧರ್ಮ.

ಟೂಟಿಂಗಿನ ಈ ಮನೆ ನನ್ನ ಮಗಳು ಶೈಲಾಳದು. ಅವಳು ಆಸ್ಪತ್ರೆಯಲ್ಲಿ ಡಾಕ್ಟರ್. ಅಳಿಯ ಕ್ಯಾನರಿ ವಾರ್ಫಿನ ಗಾಜಿನ ಕಟ್ಟಡವೊಂದರಲ್ಲಿ ಕೂರುತ್ತಾನೆ. ಅಲ್ಲಿ ಏಸಿ ಇದೆ, ಆದ್ದರಿಂದ ಬೇಸಿಗೆ ಬಂದದ್ದು ಅವನಿಗೆ ಗೊತ್ತಿಲ್ಲ. ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ನಡುವಿನ ದಿನವೆಲ್ಲ ನನ್ನದು. ಬೇಡವೆಂದರೂ ನನ್ನದು.

ಆ ದಿನವನ್ನು ನಾನು ಬೀದಿ ಕಡೆಯ ಕಿಟಕಿಯಲ್ಲಿ ಕಳೆಯುತ್ತಿದ್ದೆ. ಎದುರು ಮನೆಯಲ್ಲಿ ಜೋನ್ ಅಂತ ಒಬ್ಬ ಬಿಳಿ ಮುದುಕಿ. ಬೆಳಿಗ್ಗೆ ಕುಂಡಗಳಿಗೆ ನೀರು ಹಾಕುವಾಗ ನನ್ನ ಕಡೆ ಕೈ ಎತ್ತುತ್ತಾಳೆ. ನಾನೂ ಎತ್ತುತ್ತೇನೆ. ಅವಳಿಗೆ ಕನ್ನಡ ಬಾರದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅವಳ ಇಂಗ್ಲಿಷ್ ತಿಳಿಯದು. ಹಗಲಿಗೆಲ್ಲ ನನ್ನ ಮಾತುಕತೆ ಅಂದರೆ ಅದೊಂದೇ.

ಸೆಕೆ ಜೋರಾದ ದಿನ ಶೈಲಾ ಕಿಟಕಿಗಳನ್ನೆಲ್ಲ ತೆರೆದಿಟ್ಟಳು.

“ಗಾಳಿ ಆಡ್ಲಿ ಬಿಡವ್ವಾ.”

“ಅದು ಗಾಳಿ ಅಲ್ಲ, ಒಲಿ ಉರಿ. ಮುಚ್ಚು.”

“ಮುಚ್ಚಿದ್ರ ಉಸುರುಗಟ್ತದ. ಏಸಿ ತರ್ತೀನಿ.”

ಅವಳು ತರುತ್ತೇನೆಂದ ಏಸಿ ಗಾಲಿ ಇರುವ ಒಂದು ಪೆಟ್ಟಿಗೆ. ಅದಕ್ಕೆ ಆನೆ ಸೊಂಡಿಲಿನಂಥ ಕೊಳವೆ. ಕೊಳವೆ ಹೊರಗೆ ಹೋಗಲು ಕಿಟಕಿ ತೆರೆದಿರಬೇಕು. ಒಂದು ಕಡೆ ತಂಪು ಮಾಡುವುದು, ಇನ್ನೊಂದು ಕಡೆ ಬಿಸಿಯನ್ನು ಕರೆಯುವುದು, ನಡುವೆ ಕರೆಂಟು ಸುಡುವುದು. ತೂತು ಕೊಡದಲ್ಲಿ ನೀರು ಹೊರುವವರನ್ನು ನಾನು ನೋಡಿದ್ದೇನೆ. ಅವರಿಗೆ ಕರೆಂಟಾದರೂ ಬೇಕಾಗಿರಲಿಲ್ಲ.

“ಬ್ಯಾಡ. ನನಗ ಬಿಡು,” ಎಂದೆ.

ಊರಲ್ಲಿ ನನ್ನ ಅವ್ವನ ಮಣ್ಣಿನ ಮಾಳಿಗೆ ಮನೆಯ ಗೋಡೆ ಎಷ್ಟು ದಪ್ಪವೆಂದರೆ ಅದರ ಗೂಡಿನೊಳಗೆ ಬೆಕ್ಕು ಮರಿ ಹಾಕುತ್ತಿತ್ತು. ಅವಳ ಶಾಸ್ತ್ರ ಸಣ್ಣದು. ಬಿಸಿಲು ಏರುವ ಮೊದಲೇ ಅಡಿಗೆ ಮುಗಿಸಿ ಬಾಗಿಲು ಕಿಟಕಿ ಹಾಕು. ಒಳಗಿಗಿಂತ ಹೊರಗೆ ತಂಪಾದಾಗ ಎಲ್ಲವನ್ನೂ ತೆರೆ, ತೆರೆದು ನೀನು ಹೊರಗೆ ಕೂರು. ನೆಲಕ್ಕೆ ನೀರು ಚಿಮುಕಿಸು. ಈ ಕೊನೆಯದನ್ನು ಇಲ್ಲಿ ಮಾಡಬಾರದಿತ್ತು. ಅವ್ವನ ಮನೆ ನೆಲದ ಶಹಾಬಾದಿ ಕಲ್ಲು ನೀರು ಬಿದ್ದರೂ ಸುಮ್ಮನಿರುತ್ತದೆ. ಮಗಳ ಮನೆಯ ಹಲಗೆ ನೆಲ ಹಪ್ಪಳದಂತೆ ಉಬ್ಬಿತು. ಶೈಲಾ ಹಣೆ ಚಚ್ಚಿಕೊಂಡಳು. ಈಗ ಅದರ ಮೇಲೆ ಚಾಪೆ ಇದೆ.

ಉಳಿದದ್ದು ಫಲಿಸಿತು. ಬೀದಿ ಕಿಟಕಿಗೆ ಹೊರಗಡೆಯಿಂದ ಬಿಳಿ ಬೆಡ್‌ಶೀಟ್ ಇಳಿಬಿಟ್ಟೆ. ಬಿಸಿಲನ್ನು ಗಾಜಿನ ಆಚೆಯೇ ನಿಲ್ಲಿಸಬೇಕು. ಒಳಗೆ ಬಂದ ಮೇಲೆ ಪರದೆ ಎಳೆದರೆ ಕಳ್ಳ ಒಳಗಿರುವಾಗ ಬಾಗಿಲು ಹಾಕಿದ ಹಾಗೆ. ಸಂಜೆ ಶೈಲಾ ಒಳಗೆ ಕಾಲಿಟ್ಟವಳೇ, “ಎಷ್ಟ್ ತಂಪದ ಅವ್ವಾ!” ಎಂದಳು. ಏಸಿಯ ಮಾತು ನಿಂತಿತು.

ಗೆದ್ದೆ. ಗೆದ್ದವಳು ಕತ್ತಲೆಯಲ್ಲಿ ಕೂತಿದ್ದಳು, ಅಷ್ಟೇ. ನಮ್ಮ ಬೀದಿ ಕಿಟಕಿಗೆ ಬೆಳಗಿನ ಬಿಸಿಲು, ಜೋನ್ ಕುಂಡಗಳಿಗೆ ನೀರು ಹಾಕುವುದೂ ಆಗಲೇ. ಬೆಡ್‌ಶೀಟ್ ಸರಿಸಿದರೆ ಕೋಣೆ ಬಿಸಿಯಾಗುತ್ತದೆ, ಏಸಿ ಪೆಟ್ಟಿಗೆ ಮನೆಗೆ ಬರುತ್ತದೆ. ಸರಿಸದಿದ್ದರೆ ದಿನವಿಡೀ ಒಬ್ಬ ಮನುಷ್ಯರ ಮುಖವೂ ಇಲ್ಲ. ಫ್ರಿಜ್ಜು ಆಗಾಗ ಗೊಣಗುತ್ತಿತ್ತು. ನಾನು ಅದಕ್ಕೆ ಉತ್ತರ ಕೊಟ್ಟ ದಿನ, ಇದು ಸರಿಯಲ್ಲ ಅನ್ನಿಸಿತು. ಅಂದು ಸಂಜೆ ಬಾಗಿಲು ಹಾರು ಹೊಡೆದು, ಕುರ್ಚಿ ಎಳೆದು ಮನೆಯ ಮುಂದೆ ಕೂತೆ.

ನಮ್ಮ ಕಡೆ ಸಂಜೆ ಬಾಗಿಲ ಮುಂದೆ ಕೂತವಳನ್ನು ಯಾಕೆ ಕೂತೆ ಎಂದು ಯಾರೂ ಕೇಳುವುದಿಲ್ಲ, ಕೂರದಿದ್ದರೆ ಕೇಳುತ್ತಾರೆ. ಇಲ್ಲಿ ನಾಯಿ ಹಿಡಿದವನೊಬ್ಬ ನಿಂತು, ಬೀಗದ ಕೈ ತಿರುವಿದಂತೆ ಬೆರಳು ತಿರುವಿ ಏನೋ ಕೇಳಿದ. ಒಬ್ಬ ಹುಡುಗಿ ಫೋನ್ ತೆಗೆದು ಯಾರಿಗೆ ಮಾಡಲಿ ಎಂಬಂತೆ ನೋಡಿದಳು. ಮನೆ ಮುಂದೆ ಕೂತ ಮುದುಕಿ ಎಂದರೆ ಬೀಗದ ಕೈ ಮರೆತು ಹೊರಗುಳಿದವಳು ಎಂದೇ ಇವರ ನಂಬಿಕೆ. ಹಿಂದೆ ತೆರೆದಿದ್ದ ಬಾಗಿಲನ್ನು ಯಾರೂ ನೋಡಲಿಲ್ಲ.

ಆಮೇಲೆ ಜೋನ್ ರಸ್ತೆ ದಾಟಿ ಬಂದಳು.

“ಲಾಕ್ಡ್ ಔಟ್, ಲವ್?”

ನನ್ನ ಗಂಡ ಬದುಕಿದ್ದಾಗ ಒಮ್ಮೆಯೂ ನನ್ನನ್ನು ಲವ್ ಎಂದು ಕರೆದವನಲ್ಲ. “ನೋ. ಹೌಸ್ ಹಾಟ್. ಹಿಯರ್ ತಂಪು,” ಎಂದೆ.

ಅವಳು ತಲೆಯಾಡಿಸಿ ಹೊರಟುಹೋದಳು. ಮುಗಿಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮಡಚುವ ಕುರ್ಚಿ ಎತ್ತಿಕೊಂಡು ಮತ್ತೆ ಬಂದಳು. ಸಂಜೆ ಬಿಸಿಲು ಅವಳ ಮನೆಯ ಮುಖಕ್ಕೆ, ನೆರಳು ನಮ್ಮ ಕಡೆ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಇಲ್ಲಿಯವರು ಅಷ್ಟು ಜಾಗ ಬಿಡುತ್ತಾರೆ. ಇಬ್ಬರೂ ಹೋಗುವ ಬರುವವರನ್ನು ನೋಡಿದೆವು.

ಶೈಲಾ ಬಂದಾಗ ಜೋನ್ ಅವಳಿಗೆ ಏನೋ ಉದ್ದವಾಗಿ ಹೇಳಿದಳು.

“ಏನಂತಾಳ?”

“ಕಿಟಕಿಗೆ ಬಟ್ಟಿ ಇಳಿಬಿಟ್ಟಿದ್ಯಲ್ಲ, ನೀ ಊರಿಗೆ ಹೋದಿ ಅಂತ ತಿಳಿದಿದ್ಲಂತ. ದಿನಾ ಈ ಕಡೆ ನೋಡ್ತಿದ್ಲಂತ.”

“ನೋಡೋದೇನು, ಬಂದು ಬಾಗಿಲ ಬಡೀಬೇಕಿತ್ತು ಅಂತ ಹೇಳು.”

“ನೀ ಯಾಕ ಬಡೀಲಿಲ್ಲವ್ವಾ, ಆಕಿ ಬಾಗಿಲ?”

“ಚಾ ಮಾಡು ಹೋಗು,” ಎಂದೆ. “ಆಕಿಗೂ.”

ಈ ದೇಶದಲ್ಲಿ ಸೆಕೆ ಬಹಳ ದಿನ ನಿಲ್ಲುವುದಿಲ್ಲವಂತೆ. ನಾಡಿದ್ದು ಮಳೆ ಎಂದು ಅಳಿಯ ಫೋನ್ ನೋಡಿ ಖುಷಿಯಿಂದ ಹೇಳಿದ. ಮಳೆ ಬಂದರೆ ಇಬ್ಬರು ಮುದುಕಿಯರೂ ಕುರ್ಚಿ ಎತ್ತಿಕೊಂಡು ತಂತಮ್ಮ ಮನೆಯೊಳಗೆ. ಜೀವಮಾನವೆಲ್ಲ ಬಿಸಿಲನ್ನು ಬೈದವಳು ನಾನು. ಮೊದಲ ಸಲ ಅದಕ್ಕೆ, ಇನ್ನೊಂದು ನಾಲ್ಕು ದಿನ ಇದ್ದು ಹೋಗು ಎಂದೆ.